ಹಳೇ ಕಾರು ಕೊಳ್ಳುವ ಮೊದಲು ಸ್ಟೇರಿಂಗ್ ನಿಮ್ಮ ಕೈಗೆ ಬರಲಿ

ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನೀವೆಲ್ಲ ನೋಡಿರ್ತೀರಿ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದ ರೈತ ಎತ್ತಿನ ಬಾಯಿ ತೆರೆದು ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ಹತ್ತು ಹೆಜ್ಜೆ ನಡೆಸಿ ನೋಡ್ತಾನೆ. ಯಾರು ಹೂಡಬೇಕೋ ಅವನೇ ಹಗ್ಗ ಹಿಡಿದು ನೋಡ್ತಾನೆ. ಆದರೆ ಅದೇ ಮನೆಗೆ ಮೂರು ಲಕ್ಷದ ಹಳೇ ಕಾರು ಬರುವಾಗ ಏನಾಗ್ತದೆ? ಗಂಡಸರು ನಾಲ್ಕು ಮಂದಿ ಹೋಗಿ, ಬಣ್ಣ ನೋಡಿ, ಹಾಡು ಹಚ್ಚಿ, ಚಹಾ ಕುಡಿದು ಮುಂಗಡ ಕೊಟ್ಟು ಬರ್ತಾರೆ. ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುವುದು ಆರತಿ ತಟ್ಟೆ ಮತ್ತು ಗಾಲಿಯ ಕೆಳಗೆ ಇಡುವ ಲಿಂಬಿಹಣ್ಣು!

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಹೂವಿನ ಹಿಪ್ಪರಗಿಯಂಥ ಊರಿನಲ್ಲಿ ಕಾರು ಯಾಕೆ ಅಂತ ಅತ್ತೆಯವರು ಕೇಳಿದ್ದರು. ನಮ್ಮನೆಯವರು ಕೇಳದೆ ಒಂದು ಉದ್ದನೆಯ ಹಳೇ ಡೀಸೆಲ್ ಕಾರು ತಂದರು. ನೋಡಲು ಭಾರಿ ಚೆಂದ. ನನ್ನ ಹತ್ತಿರ ಲೈಸೆನ್ಸ್ ಇತ್ತು, ಕಲಿತದ್ದೂ ಇತ್ತು. ಆದರೆ ಅದರ ಕ್ಲಚ್ ತುಳಿದರೆ ಮೊಣಕಾಲು ನೋಯುತ್ತಿತ್ತು, ಸೀಟು ಕೆಳಗಿದ್ದು ಬಾನೆಟ್ಟಿನ ತುದಿಯೇ ಕಾಣುತ್ತಿರಲಿಲ್ಲ. ಎರಡು ಸಲ ಓಡಿಸಿ, ಒಮ್ಮೆ ಓಣಿಯ ಕಟ್ಟೆಗೆ ತಾಗಿಸಿ, ಕೀಲಿಯನ್ನು ಮೊಳೆಗೆ ತೂಗುಹಾಕಿದೆ. ಆಮೇಲೆ ಮೂರು ವರ್ಷ ಮುಟ್ಟಲಿಲ್ಲ.

ಒಂದು ರಾತ್ರಿ ಅತ್ತೆಯವರಿಗೆ ಎದೆ ಹಿಡಿದುಕೊಂಡಿತು. ಮನೆಯವರು ಪರ ಊರಿನಲ್ಲಿದ್ದರು. ಅಂಗಳದಲ್ಲಿ ಕಾರು ನಿಂತಿದೆ, ಟಾಕಿ ತುಂಬ ಎಣ್ಣೆ ಇದೆ, ನನ್ನ ಪರ್ಸಿನಲ್ಲಿ ಲೈಸೆನ್ಸ್ ಇದೆ. ಆದರೂ ನಾನು ಓಡಿದ್ದು ಪಕ್ಕದ ಮನೆಯ ಟಂಟಂ ಗಾಡಿಯವರ ಬಾಗಿಲಿಗೆ. ದೇವರ ದಯೆ, ಅತ್ತೆಯವರು ಉಳಿದರು. ಆಸ್ಪತ್ರೆಯಲ್ಲಿ ಕಣ್ಣು ತೆರೆದವರೇ ಕೇಳಿದ್ದು ಒಂದೇ ಮಾತು: "ಅಲ್ಲವಾ, ಆ ಗಾಡಿ ಯಾರ ಸಲುವಾಗಿ ತಂದೀರಿ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಮ್ಮ ಎರಡನೇ ಕಾರು ಬಂತು. ಅದರಿಂದ ಕಲಿತದ್ದನ್ನು ನಿಮ್ಮ ಮುಂದೆ ಇಡ್ತಿದ್ದೇನೆ.

ಖುಷಿ ಅಂದರೆ ಶೋಕಿ ಅಲ್ಲ

"ಓಡಿಸೋಕೆ ಖುಷಿ ಕೊಡುವ ಕಾರು ಬೇಕು" ಅಂದರೆ ಮನೆಯಲ್ಲಿ ನಗ್ತಾರೆ. ಹೆಂಗಸರಿಗೆ ಯಾಕ್ರಿ ಇಂಥ ಶೋಕಿ ಅಂತಾರೆ. ಆದರೆ ಯೋಚಿಸಿ ನೋಡಿ. ಕೈಗೆ ಹಗುರಾಗಿ ಬರುವ, ಹೇಳಿದ ಕಡೆ ತಿರುಗುವ, ಗೇರು ಬೆಣ್ಣೆಯ ಹಾಗೆ ಬೀಳುವ ಗಾಡಿಯನ್ನು ನೀವು ದಿನಾ ತೆಗೀತೀರಿ. ದಿನಾ ತೆಗೆದರೆ ಕೈ ಕೂಡ್ತದೆ. ಕೈ ಕೂಡಿದರೆ ಮಾತ್ರ ಅಪರಾತ್ರಿಯಲ್ಲಿ ಧೈರ್ಯ ಬರ್ತದೆ. ಅಂಜಿಕೆ ಹುಟ್ಟಿಸುವ ಕಾರು ಎಷ್ಟೇ ಅಗ್ಗವಾಗಿ ಸಿಕ್ಕರೂ ಅದು ಅಂಗಳದ ಅಲಂಕಾರ ಅಷ್ಟೇ.

2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ, ನಿಜ. ಬಸವನಬಾಗೇವಾಡಿಗೆ, ವಿಜಯಪುರಕ್ಕೆ ಒಬ್ಬರೇ ಹೋಗುವಾಗ ನಾನು ಈಗಲೂ ಬಸ್ಸೇ ಹತ್ತುತ್ತೇನೆ. ಆದರೆ ರಾತ್ರಿ ಹತ್ತಕ್ಕೆ ಮಗುವಿಗೆ ಜ್ವರ ಏರಿದರೆ, ಮಾವನವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕಾದರೆ, ಬಸ್ಸಿಲ್ಲದ ಹೊತ್ತಿನಲ್ಲಿ ತವರಿಂದ ಫೋನ್ ಬಂದರೆ? ಕಾರಿನ ಲೆಕ್ಕ ಹಾಕಬೇಕಾದ್ದು ಆ ಹೊತ್ತುಗಳಿಗೆ.

ಯಾವ ಕಾರು?

ನಮ್ಮದು ಎರೆ ಭೂಮಿ. ಮಳೆ ಬಿದ್ದರೆ ಹೊಲದ ದಾರಿಯ ಮಣ್ಣು ಗಾಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಹಾಗಾಗಿ ಕಾರಿನ ಹೊಟ್ಟೆ ನೆಲದಿಂದ ಎತ್ತರ ಇರಬೇಕು, ಎಸಿ ಗಟ್ಟಿ ಇರಬೇಕು, ರಿಪೇರಿ ನಮ್ಮ ಊರಿನ ಮಿಸ್ತ್ರಿಗೂ ತಿಳಿದಿರಬೇಕು.

1983ರಲ್ಲಿ ಬಂದ ಮಾರುತಿ 800 ಎಷ್ಟೋ ಮಂದಿಗೆ ಡ್ರೈವಿಂಗ್ ಕಲಿಸಿದ ಗಾಡಿ. ಅದರ ಉತ್ಪಾದನೆ 2014ರ ಜನವರಿಗೆ ನಿಂತಿತು. ಈಗ ಕಡಿಮೆ ಬೆಲೆಗೆ ಸಿಗ್ತದೆ ಅಂತ ಆಸೆ ಬೀಳಬೇಡಿ. ಕಾರಿನ ನೋಂದಣಿ 15 ವರ್ಷಕ್ಕೆ ಮುಗೀತದೆ. ಆಮೇಲೆ ಫಿಟ್‌ನೆಸ್ ತಪಾಸಣೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲೇ ಆ ಶುಲ್ಕ 5,000 ರೂಪಾಯಿಗೆ ಏರಿತ್ತು, ಜೊತೆಗೆ ಹಸಿರು ತೆರಿಗೆ. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ತಂದ ಹಾಗಾಗ್ತದೆ.

ಆಲ್ಟೊ ಕೆ10: ಸುಮಾರು ಏಳೂವರೆ ಕ್ವಿಂಟಲ್ ತೂಕದ ಗಾಡಿಗೆ 998 ಸಿಸಿ ಎಂಜಿನ್. ಹಗುರ ಮೈಗೆ ಇಷ್ಟು ಶಕ್ತಿ ಇರುವುದರಿಂದ ಚುರುಕಾಗಿ ಓಡ್ತದೆ, ಸಂತೆಯ ಗದ್ದಲದಲ್ಲೂ ಸಲೀಸಾಗಿ ತಿರುಗ್ತದೆ. ಆದರೆ ಹಿಂದೆ ಮೂವರು ದೊಡ್ಡವರು ಕೂತರೆ ಇಕ್ಕಟ್ಟು.

ವ್ಯಾಗನ್ ಆರ್: 1999ರಿಂದ ಇರುವ ಗಾಡಿ. ಸೀಟು ಎತ್ತರ, ಮುಂದಿನ ದಾರಿ ಚೆನ್ನಾಗಿ ಕಾಣ್ತದೆ. ಸೀರೆ ಉಟ್ಟು ಹತ್ತಿ ಇಳಿಯಲು, ಮೊಣಕಾಲು ನೋವಿರುವ ಹಿರಿಯರಿಗೆ ಇಷ್ಟು ಅನುಕೂಲದ ಸಣ್ಣ ಕಾರು ಅಪರೂಪ.

ಸ್ವಿಫ್ಟ್: 2005ರಲ್ಲಿ ಬಂತು. ತಿರುವಿನಲ್ಲಿ ನೆಲ ಹಿಡಿದು ಓಡುವ ಸೊಗಸಿಗೆ ಹೆಸರಾದದ್ದು. ಹಳೇ ಮಾದರಿಯಲ್ಲಿ ನೆಲದಿಂದ ಎತ್ತರ 170 ಮಿಲಿಮೀಟರ್. ಡಿಕ್ಕಿ ಮಾತ್ರ ಚಿಕ್ಕದು, ಹಿಂದಿನ ಕಿಟಕಿಯೂ ಸಣ್ಣದು.

ಹ್ಯುಂಡೈ ಐ10, ಗ್ರ್ಯಾಂಡ್ ಐ10: ಕ್ಲಚ್ ಮತ್ತು ಸ್ಟೇರಿಂಗ್ ಹಗುರ. ಹೊಸದಾಗಿ ಕಲಿತವರಿಗೆ ಒಳ್ಳೇ ಜೊತೆಗಾರ.

ಕ್ಲಚ್ಚೇ ಬೇಡ ಅನ್ನುವವರಿಗೆ 2014ರಲ್ಲಿ ಸೆಲೆರಿಯೊದಿಂದ ಶುರುವಾದ ಎಎಂಟಿ ಗೇರಿನ ಕಾರುಗಳಿವೆ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಜರ್ಕು ಹೊಡೆದರೆ, ಹಿಂದಕ್ಕೆ ಜಾರಿದರೆ ಮಿಸ್ತ್ರಿಗೆ ತೋರಿಸದೆ ಒಪ್ಪಬೇಡಿ.

ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸುವವರಿಗೆ ಪೆಟ್ರೋಲೇ ಸಾಕು. ಡೀಸೆಲ್ಲಿನ ರಿಪೇರಿ ತುಟ್ಟಿ. ಒಂದು ಮಾತು ನೆನಪಿರಲಿ: 2023ರಿಂದ ನಮ್ಮ ಬಂಕುಗಳಿಗೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬರತೊಡಗಿದೆ. ನಮ್ಮದೇ ಸೀಮೆಯ ಕಬ್ಬಿನಿಂದಲೂ ಎಥೆನಾಲ್ ಆಗ್ತದೆ. ಅದಕ್ಕೂ ಹಿಂದಿನ ಹೆಚ್ಚಿನ ಕಾರುಗಳು ಶೇಕಡಾ 10ಕ್ಕೆ ತಕ್ಕಂತೆ ಮಾಡಿದವು. ಮೈಲೇಜು ಸ್ವಲ್ಪ ಇಳಿಯಬಹುದು. ಎಣ್ಣೆಯ ರಬ್ಬರ್ ಪೈಪು ಸೀಳಿದೆಯೇ ಎಂದು ಮಿಸ್ತ್ರಿಯಿಂದ ನೋಡಿಸಿ.

ಸುರಕ್ಷತೆಯಲ್ಲಿ ಚೌಕಾಸಿ ಬೇಡ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಎಬಿಎಸ್ ಬ್ರೇಕು, ಜುಲೈನಿಂದ ಚಾಲಕರ ಏರ್‌ಬ್ಯಾಗು ಕಡ್ಡಾಯವಾಯಿತು. ಐವತ್ತು ಸಾವಿರ ಹೆಚ್ಚಾದರೂ ಅದರ ನಂತರದ ಕಾರು ಸಿಕ್ಕರೆ ಅದನ್ನೇ ಆರಿಸಿ.

ನೀವೇ ಓಡಿಸಿ ನೋಡಿ

ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ ಹೋಗಿ. "ಈಗಷ್ಟೇ ಸ್ಟಾರ್ಟ್ ಮಾಡಿಟ್ಟೀನ್ರಿ" ಅಂದರೆ ಮರುದಿನ ಬನ್ನಿ. ತಣ್ಣಗಿರುವ ಎಂಜಿನ್ ಎಬ್ಬಿಸಿದಾಗ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ದಟ್ಟ ಬಿಳಿ ಹೊಗೆ ನಿಲ್ಲದೇ ಬಂದರೆ ನೀರು ಒಳಗೆ ಸೇರುತ್ತಿದೆ ಅಂತ ಅನುಮಾನ.

ಆಮೇಲೆ ನೀವೇ ಕೂತು ನೋಡಿ. ಸೀಟು ಸರಿಸಿದರೆ ಕ್ಲಚ್ ಪೂರ್ತಿ ತುಳಿಯಲು ಕಾಲು ಮುಟ್ಟುತ್ತದೆಯೇ? ಬಾನೆಟ್ ಆಚೆಯ ದಾರಿ ಕಾಣುತ್ತದೆಯೇ? ಮೊದಲು ಓಣಿಯಲ್ಲಿ ಹಿಂದಕ್ಕೆ ತೆಗೆಯಿರಿ, ಆಮೇಲೆ ತಗ್ಗು ದಿಣ್ಣೆಯ ಹೊಲದ ದಾರಿಗೆ ಹೋಗಿ, ಕೊನೆಗೆ ನಿಡಗುಂದಿ ಕಡೆಯ ಹೆದ್ದಾರಿಯಲ್ಲಿ 80ರ ವೇಗಕ್ಕೆ ಏರಿಸಿ. ಸ್ಟೇರಿಂಗ್ ನಡುಗಿದರೆ, ಬ್ರೇಕ್ ಹಾಕಿದಾಗ ಒಂದು ಕಡೆ ಎಳೆದರೆ ಗಾಲಿ, ಬ್ರೇಕುಗಳನ್ನು ಪರೀಕ್ಷಿಸಲೇಬೇಕು. ಇಳಿದು ಬರುವಾಗ ಇನ್ನೊಂದು ಸುತ್ತು ಹಾಕೋಣ ಅನ್ನಿಸಿತೇ? ಹಾಗಿದ್ದರೆ ಅದು ನಿಮ್ಮ ಕಾರು.

ನಮ್ಮ ಎರಡನೇ ಕಾರು ನೋಡಲು ಹೋದಾಗ ನಾನು ಕೀಲಿ ಕೇಳಿದರೆ ಮಾರುವವರು ಮನೆಯವರ ಮುಖ ನೋಡಿದರು. ನಮ್ಮ ಮಿಸ್ತ್ರಿ ಮಾತ್ರ, "ಓಡಿಸಾವ್ರು ಅಕ್ಕಾರು. ಅವರ ಕೈಯಾಗ ಕೊಡ್ರಿ" ಅಂದರು. ಆ ಮಾತಿಗೆ ಅವರಿಗೆ ಎಷ್ಟು ಚಹಾ ಕೊಟ್ಟರೂ ಕಡಿಮೆ!

ಕಣ್ಣಿಗೆ ಕಾಣದ್ದು

ಟಯರಿನ ಮೇಲೆ ನಾಲ್ಕು ಅಂಕಿ ಇರ್ತವೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಹೊಸ ಟಯರಿನ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ. ಮೀಟರ್ 30 ಸಾವಿರ ತೋರಿಸುತ್ತದೆ, ಆದರೆ ಬ್ರೇಕ್ ಪೆಡಲಿನ ರಬ್ಬರು, ಗೇರಿನ ಗುಬ್ಬಿ ಸವೆದು ಹೊಳೆಯುತ್ತಿದೆ ಅಂದರೆ ಮೀಟರ್ ತಿರುಗಿಸಿದ್ದಾರೆ ಅಂತ ಅನುಮಾನ ಪಡಿ. ಸರ್ವಿಸ್ ಬಿಲ್ಲು ಕೇಳಿ.

ನಮ್ಮ ಭಾಗದವರು ಇನ್ನೊಂದನ್ನು ಮರೆಯಬಾರದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಎಷ್ಟು ಊರು ಮುಳುಗಿದವು ಎಂದು ನಮಗೆ ಗೊತ್ತು. ನೀರು ಕುಡಿದ ಗಾಡಿ ತೊಳೆದು ಹೊಳೆಯಿಸಿ ಮಾರುವುದೂ ಉಂಟು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಕೆಸರಿನ ಗೆರೆ ಇದ್ದರೆ ಸಿಕ್ಕಿಬೀಳ್ತದೆ. ಮ್ಯಾಟು ಎತ್ತಿ ವಾಸನೆ ನೋಡಿ, ಸೀಟಿನ ಕೆಳಗಿನ ಕಬ್ಬಿಣ ಮತ್ತು ಸ್ಟೆಪ್ನಿ ಇಡುವ ಗುಂಡಿಯಲ್ಲಿ ತುಕ್ಕು ನೋಡಿ.

ಕಾಗದ ಸರಿಯಿಲ್ಲದ ಕಾರು ಬೇಡವೇ ಬೇಡ

ನಾವು ಮಾಡಿದ ದೊಡ್ಡ ತಪ್ಪು ಹೇಳ್ತೀನಿ. ಮೊದಲ ಕಾರು ಮಾರುವಾಗ ಪರಿಚಯದವರು ಅಂತ ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟೆವು. ಅವರು ಹೆಸರು ಬದಲಿಸಲಿಲ್ಲ. ಮುಂದೆ ಯಾರಿಗೋ ಮಾರಿದರು. ಎರಡು ವರ್ಷದ ಮೇಲೆ ಎಲ್ಲೋ ನಿಯಮ ಮುರಿದದ್ದಕ್ಕೆ ನಮ್ಮ ಮನೆಗೆ ದಂಡದ ನೋಟಿಸು! ದಂಡಕ್ಕೆ ಮುಗಿದದ್ದು ಪುಣ್ಯ. ಅಪಘಾತವಾಗಿದ್ದರೆ? ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದ್ದರಿಂದ ಮಾರುವವರಿರಲಿ, ಕೊಳ್ಳುವವರಿರಲಿ, ಫಾರಂ 29 ಮತ್ತು 30 ತುಂಬಿ ಆರ್‌ಟಿಒಗೆ ಸಲ್ಲಿಸಿ, ಹೆಸರು ಬದಲಾದ ಆರ್‌ಸಿ ಕೈಗೆ ಬರುವ ತನಕ ಬೆನ್ನು ಬಿಡಬೇಡಿ. ಸಾಲದ ಗಾಡಿ ಆಗಿದ್ದರೆ ಬ್ಯಾಂಕಿನ ಪತ್ರ, ಫಾರಂ 35 ಬೇಕು. ಗಾಡಿ ನಂಬರ್ ಹಾಕಿದರೆ ಎಂ-ಪರಿವಾಹನ್ ಆ್ಯಪಿನಲ್ಲಿ ಸಾಲ, ವಿಮೆ, ಫಿಟ್‌ನೆಸ್ ಎಲ್ಲ ಕಾಣ್ತದೆ. ಬಾಕಿ ದಂಡವನ್ನೂ ನೋಡಿಕೊಳ್ಳಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಿಂದಿನವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಗಾಡಿಗಲ್ಲ, ಮನುಷ್ಯರಿಗೆ.

ಸೊಲ್ಲಾಪುರ ನಮಗೆ ಹತ್ತಿರ. ಅಲ್ಲಿ ಅಗ್ಗ ಅಂತ ಗಾಡಿ ತರುವವರು ಬಹಳ. ಆದರೆ ಮಹಾರಾಷ್ಟ್ರದ ಎನ್‌ಒಸಿ, ಫಾರಂ 28, ಮತ್ತೆ ಇಲ್ಲಿನ ಜೀವಿತಾವಧಿ ತೆರಿಗೆ ಸೇರಿಸಿ ಲೆಕ್ಕ ಹಾಕಿ. ಉಳಿದದ್ದು ಎಷ್ಟು ಅಂತ ಆಮೇಲೆ ಹೇಳಿ.

ಚೌಕಾಸಿಗೆ ಒಂದು ಅಸ್ತ್ರವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದು ಹೊಸ ಕಾರಿನ ಬೆಲೆ ತಗ್ಗಿತು. ಅದಕ್ಕೆ ಹಿಂದಿನ ಹಳೇ ಬೆಲೆ ಹೇಳಿದರೆ ಹೊಸ ಕಾರಿನ ಬೆಲೆ ಅವರ ಮುಂದಿಡಿ. ಮೂರು ಲಕ್ಷ ಇದ್ದರೆ ಎರಡೂಮುಕ್ಕಾಲು ಲಕ್ಷದ ಒಳಗಿನ ಕಾರನ್ನೇ ನೋಡಿ. ಉಳಿದದ್ದು ಟಯರು, ಬ್ಯಾಟರಿ, ವಿಮೆಗೆ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವುದು ಕಾರಿಗೂ ಹೊಂದುವ ಮಾತು.

ಕೊನೆಗೆ ಒಂದು ಮಾತು

ಸಾಧ್ಯವಿದ್ದರೆ ಕಾರು ನಿಮ್ಮ ಹೆಸರಿನಲ್ಲೇ ನೋಂದಣಿಯಾಗಲಿ. ಕೀಲಿ ಮೊಳೆಯ ಮೇಲೆ ತುಕ್ಕು ಹಿಡಿಯದಿರಲಿ. ವಾರಕ್ಕೆ ಎರಡು ಸಲವಾದರೂ, ಕೆಲಸ ಇಲ್ಲದಿದ್ದರೂ, ಬಾಗೇವಾಡಿ ರಸ್ತೆಗೆ ಹೋಗಿ ಬನ್ನಿ.

ನಮ್ಮ ಮನೆಗೆ ಬಂದದ್ದು ಎಂಟು ವರ್ಷ ಹಳೆಯ ಒಂದು ವ್ಯಾಗನ್ ಆರ್. ಬಣ್ಣ ಅಷ್ಟೇನೂ ಚೆಂದ ಇಲ್ಲ. ಮೊನ್ನೆ ಅತ್ತೆಯವರನ್ನು ಔಷಧಕ್ಕೆ ಕರೆದೊಯ್ದಾಗ ಅವರು ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, "ಸ್ವಲ್ಪ ಜೋರ ಬಿಡವಾ, ಗಾಳಿ ಬರಲಿ" ಅಂದರು.

ಗೆಳತಿಯರೇ, ನಿಮ್ಮ ಮನೆಯಲ್ಲೂ ಕಾರಿನ ಮಾತು ಬಂದರೆ ಆರತಿ ತಟ್ಟೆಗಿಂತ ಮೊದಲು ಕೀಲಿ ಕೇಳಿ.