ವಿಂಚಿನ ಹಗ್ಗದಲ್ಲಿ ಉಳಿತಾಯ ಬೇಡ

ಶ್ರೀನಿವಾಸಪುರದ ಮಾವು, ಕೋಲಾರ ಮಾರುಕಟ್ಟೆಯ ಟೊಮೆಟೊ, ಮಾಲೂರಿನ ಇಟ್ಟಿಗೆ ಮತ್ತು ಹೆಂಚು, ನರಸಾಪುರ ಹಾಗೂ ವೇಮಗಲ್ ಕೈಗಾರಿಕಾ ಪ್ರದೇಶಗಳ ಯಂತ್ರಭಾಗಗಳು ಇವೆಲ್ಲವೂ ಲಾರಿಯನ್ನೇ ನೆಚ್ಚಿಕೊಂಡಿರುವ ಸರಕುಗಳು. ಮುಳಬಾಗಿಲು, ನಂಗಲಿ ಮಾರ್ಗವಾಗಿ ಆಂಧ್ರದ ಗಡಿ ದಾಟುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಲೋಡಾದ ಲಾರಿಯೊಂದು ಹಳ್ಳಕ್ಕೆ ಜಾರಿದರೆ, ಅದನ್ನೆತ್ತಲು ಬರುವ ಟೋಯಿಂಗ್ ವಾಹನದವರನ್ನು ನಾವು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಹೊತ್ತಿಗೆ ಬರುತ್ತೀರಿ, ಬಾಡಿಗೆ ಎಷ್ಟು? ನಿಮ್ಮ ವಿಂಚಿಗೆ ಯಾವ ಹಗ್ಗ ಹಾಕಿದ್ದೀರಿ ಎಂಬ ಮೂರನೆಯ ಪ್ರಶ್ನೆಯನ್ನೂ ಕೇಳಬೇಕಾದ ಕಾಲ ಬಂದಿದೆ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಸರಕು ವಾಹನಗಳ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು. ಮೂರು ಆಕ್ಸಲಿನ ಲಾರಿಯ ಒಟ್ಟು ತೂಕದ ಮಿತಿ 25 ಟನ್ನಿನಿಂದ 28.5 ಟನ್ನಿಗೆ ಹೆಚ್ಚಿತು. ಲಾರಿಯ ಭಾರ ಹೆಚ್ಚಿದ ಮೇಲೆ ಎಳೆಯುವ ಹಗ್ಗದ ಲೆಕ್ಕವೂ ಬದಲಾಗಲೇಬೇಕು.

ಹಗ್ಗವನ್ನು ದಪ್ಪ ನೋಡಿ ಕೊಳ್ಳುವ ರೂಢಿ ನಮ್ಮಲ್ಲಿದೆ. ಇದು ತಪ್ಪು. ಉಕ್ಕಿನ ವೈರ್ ರೋಪಿನ ಬಲವು ತಂತಿಯ ದರ್ಜೆಯನ್ನೂ ನಡುವಿನ ತಿರುಳನ್ನೂ ಅವಲಂಬಿಸಿದೆ. 16 ಮಿ.ಮೀ. ವ್ಯಾಸದ, 1770 ದರ್ಜೆಯ, ಉಕ್ಕಿನ ತಿರುಳಿನ ಹಗ್ಗವು ಸುಮಾರು 16 ಟನ್ ಎಳೆತಕ್ಕೆ ತುಂಡಾಗುತ್ತದೆ. ನಾರಿನ ತಿರುಳಿನದಾದರೆ ಸುಮಾರು 15 ಟನ್ನಿಗೇ. ಇದಕ್ಕೂ ಮಿಗಿಲಾಗಿ, ಡ್ರಮ್ಮಿನ ಮೇಲೆ ಸುತ್ತು ಸುತ್ತಾಗಿ ಒತ್ತಿಕೊಳ್ಳುವಾಗ ನಾರಿನ ತಿರುಳಿನ ಹಗ್ಗ ಬೇಗ ಚಪ್ಪಟೆಯಾಗುತ್ತದೆ. ಆದ್ದರಿಂದ ಭಾರಿ ವಿಂಚಿಗೆ ಉಕ್ಕಿನ ತಿರುಳೇ ಸೂಕ್ತ.

ತುಂಡಾಗುವ ಭಾರವೇ ಕೆಲಸದ ಭಾರವಲ್ಲವೆಂಬುದನ್ನೂ ಮರೆಯಬಾರದು. ನಾಲ್ಕು ಪಟ್ಟು ಸುರಕ್ಷತೆಯನ್ನಿಟ್ಟುಕೊಂಡರೆ ಮೇಲಿನ 16 ಟನ್ನಿನ ಹಗ್ಗದ ಮೇಲೆ ನಂಬಿಕೆಯಿಂದ ಹೊರಿಸಬಹುದಾದದ್ದು 4 ಟನ್ ಮಾತ್ರ. ಅದಕ್ಕೂ ಹೆಚ್ಚು ಬೇಕಾದರೆ ದಪ್ಪ ಹಗ್ಗ ಬೇಕು, ಇಲ್ಲವೇ ರಾಟೆ ಹಾಕಿ ಹಗ್ಗವನ್ನು ಇಮ್ಮಡಿಸಬೇಕು. ಆಗ ರಾಟೆಯ ಮೇಲೂ ಅದರ ಕೊಂಡಿಯ ಮೇಲೂ ಇಮ್ಮಡಿ ಭಾರ ಬೀಳುತ್ತದೆ ಎಂಬ ಎಚ್ಚರವಿರಲಿ.

ಈಚೆಗೆ ಪಾಲಿಎಥಿಲೀನ್ ನಾರಿನ ಹಗುರ ಹಗ್ಗಗಳು ಬಂದಿವೆ. ಅಷ್ಟೇ ಬಲದ ಉಕ್ಕಿನ ಹಗ್ಗದ ಏಳನೆಯ ಒಂದು ಭಾಗದಷ್ಟೇ ತೂಕ. ಕೈಗೆ ತಂತಿ ಚುಚ್ಚುವುದಿಲ್ಲ. ಹರಿದಾಗ ಚಿಮ್ಮುವ ರಭಸವೂ ಕಡಿಮೆ. ಆದರೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಇವು ಕರಗುತ್ತವೆ, ಅದಕ್ಕೆ ಬಹಳ ಮುನ್ನವೇ ಬಲ ಕುಂದುತ್ತವೆ. ನಮ್ಮ ಸೀಮೆಯ ಬಂಡೆಯ ಅಂಚು, ಮರಳು, ಬಿಸಿಲು ಮೂರೂ ಇವಕ್ಕೆ ಶತ್ರುಗಳೇ. ಕವಚ ಹಾಕಿ, ತೊಳೆದು, ಜೋಪಾನ ಮಾಡುವವರಿಗೆ ಇವು ಒಳ್ಳೆಯವು. ಉಳಿದವರಿಗೆ ಉಕ್ಕೇ ಲೇಸು.

ಹಗ್ಗದ ಶಿಸ್ತು ನಮ್ಮ ನೆಲಕ್ಕೆ ಹೊಸದಲ್ಲ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಕಾರ್ಮಿಕರು ಅಲ್ಲಿಗೆ ಇಳಿದು ಏರುತ್ತಿದ್ದುದು ಉಕ್ಕಿನ ಹಗ್ಗದ ತುದಿಯ ಬೋನಿನಲ್ಲಿ. ಗಣಿ ನಿಯಮಗಳ ಪ್ರಕಾರ ಆ ಹಗ್ಗವನ್ನು ಪರೀಕ್ಷಿಸಿ ದಾಖಲಿಸಬೇಕಿತ್ತು. ನಿಗದಿತ ಅವಧಿಗೊಮ್ಮೆ ತುದಿಯನ್ನು ಕತ್ತರಿಸಿ ಹೊಸದಾಗಿ ಜೋಡಿಸಬೇಕಿತ್ತು. ರಸ್ತೆಬದಿಯಲ್ಲಿ ನಿಂತು ಕೊಕ್ಕೆ ಸಿಕ್ಕಿಸುವ ಹುಡುಗನ ಪ್ರಾಣಕ್ಕೂ ಅಷ್ಟೇ ಬೆಲೆಯಿಲ್ಲವೇ?

ಆದುದರಿಂದ ಟೋಯಿಂಗ್ ವಾಹನಗಳ ಮಾಲೀಕರು ಹಗ್ಗ ಕೊಳ್ಳುವಾಗ ಭಾರತೀಯ ಮಾನಕ ಐಎಸ್ 2266ರ ಪ್ರಕಾರದ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯಲಿ. ತಂತಿಗಳು ಕಿತ್ತುಬಂದ, ಮಡಿಕೆ ಬಿದ್ದ, ಬುಟ್ಟಿಯಂತೆ ಉಬ್ಬಿದ ಹಗ್ಗವನ್ನು ಗುಜರಿಗೆ ಹಾಕಲಿ. ಮಾರುವ ಮುನ್ನ ತುಂಡು ತುಂಡಾಗಿ ಕತ್ತರಿಸಲಿ, ಇಲ್ಲವಾದರೆ ಅದೇ ಹಗ್ಗ ಮತ್ತೊಬ್ಬರ ವಿಂಚನ್ನೇರೀತು. ಸರಕು ಕಳುಹಿಸುವ ವರ್ತಕ ಬಾಂಧವರು ಸಾಗಣೆ ಒಪ್ಪಂದ ಮಾಡಿಕೊಳ್ಳುವಾಗಲೇ ಪ್ರಮಾಣಪತ್ರವಿರುವ ಹಗ್ಗದ ವಾಹನವನ್ನೇ ಕರೆಸಬೇಕೆಂಬ ಷರತ್ತನ್ನು ಸೇರಿಸಲಿ. ಬಾಡಿಗೆ ತುಸು ಹೆಚ್ಚಾದೀತು. ಹರಿದ ಹಗ್ಗದಿಂದ ಮತ್ತೆ ಹಳ್ಳಕ್ಕುರುಳುವ ಲಾರಿ ಮತ್ತು ಸರಕಿನ ಎದುರು, ಹೋದ ಜೀವದ ಎದುರು, ಆ ಹೆಚ್ಚಳ ಯಾವ ಲೆಕ್ಕಕ್ಕೂ ಬಾರದು.