ಚಿನ್ನ ಮಾತ್ರ ಹುಡುಕೋ ಮಿಷನ್ ಇಲ್ಲ ಕಣ್ರೋ

1/7
ಕ್ಯಾಪ್ಷನ್ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.
ಈಗ ಎಲ್ಲರ ಫೀಡಲ್ಲೂ ಒಂದೇ ಥರದ ರೀಲ್ಸ್. ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಒಬ್ಬ ನಡೀತಾನೆ, ಮಿಷನ್ ಕೂಗುತ್ತೆ, ಅಗೀತಾನೆ, ಮಡಿಕೆ ತುಂಬಾ ಚಿನ್ನದ ನಾಣ್ಯ! ಕೆಳಗೆ "ಡಿಸ್ಕ್ರಿಮಿನೇಷನ್ ಸೆಟ್ ಮಾಡಿ: ಕಬ್ಬಿಣ ಆಫ್, ಚಿನ್ನ ಆನ್". ತಕ್ಷಣ ನಮ್ಮ ಹುಡುಗ್ರು "ಮಗಾ, ಎಲ್ಲರೂ ದುಡ್ಡು ಹಾಕಿ ಒಂದು ತಗೊಳ್ಳೋಣ, ಹುತ್ರಿದುರ್ಗಕ್ಕೆ ಹೋಗೋಣ" ಅಂತಾರೆ.
ನನ್ನ ಮಾತು ಇಷ್ಟೇ. ಆ ಸೆಟ್ಟಿಂಗ್ ನೀವು ಅಂದ್ಕೊಂಡಿರೋ ಕೆಲಸ ಮಾಡಲ್ಲ. ಅದು ಮಾಡೋ ಕೆಲಸಕ್ಕೆ ಸರಿಯಾದ ಜಾಗ ಕೋಟೆಯೂ ಅಲ್ಲ, ಗುಡಿಯೂ ಅಲ್ಲ. ನಿಮ್ಮ ಮನೆ ಹಿತ್ತಲು, ನಿಮ್ಮ ತೋಟ.

2/7
ಮಿಷನ್ ಒಳಗೆ ಏನಾಗುತ್ತೆ? ಕಾಯಿಲ್ ನೆಲಕ್ಕೆ ಕಾಂತಕ್ಷೇತ್ರ ಬಿಡುತ್ತೆ. ಕೆಳಗೆ ಲೋಹ ಇದ್ರೆ ಅದರಲ್ಲಿ ಸಣ್ಣ ಕರೆಂಟ್ ಸುತ್ತುತ್ತೆ, ಅದರ ಪ್ರತಿಕ್ರಿಯೆ ಸ್ವಲ್ಪ ತಡವಾಗಿ ವಾಪಸ್ ಬರುತ್ತೆ. ಎಷ್ಟು ತಡ ಅನ್ನೋದನ್ನೇ ಮಿಷನ್ ನಂಬರ್ ಮಾಡಿ ತೋರ್ಸುತ್ತೆ. ಕಬ್ಬಿಣಕ್ಕೆ ಕಡಿಮೆ ನಂಬರ್, ದಪ್ಪ ಬೆಳ್ಳಿ-ತಾಮ್ರಕ್ಕೆ ಜಾಸ್ತಿ. ಡಿಸ್ಕ್ರಿಮಿನೇಷನ್ ಅಂದ್ರೆ "ಇಂತಿಂಥ ನಂಬರ್ ಬಂದ್ರೆ ಕೂಗಬೇಡ" ಅಂತ ಹೇಳೋದು, ಅಷ್ಟೇ.
ಆ ನಂಬರ್ ಲೋಹದ ಹೆಸರಲ್ಲ. ಗಾತ್ರ, ದಪ್ಪ, ಆಕಾರ, ಎಷ್ಟು ಆಳದಲ್ಲಿದೆ ಅನ್ನೋದೆಲ್ಲ ಸೇರಿ ಬರೋ ಲೆಕ್ಕ ಅದು. ನಮ್ಮ ಕಡೆ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಬೇರೆ ಇದೆ. ಗ್ರೌಂಡ್ ಬ್ಯಾಲೆನ್ಸ್ ಮಾಡದಿದ್ರೆ ಬರೀ ಮಣ್ಣಿಗೇ ಕೂಗುತ್ತೆ.

3/7
ಒಡವೆ ವಿಷಯಕ್ಕೆ ಬನ್ನಿ. ಮಗುವಿನ ಓಲೆ, ಮೂಗುಬೊಟ್ಟು, ತೆಳು ಸರ, ಇವೆಲ್ಲ ಬೀಳೋದು ಮಧ್ಯದ ನಂಬರ್‌ಗಳಲ್ಲಿ, ಇಲ್ಲಾ ಅದಕ್ಕೂ ಕೆಳಗೆ. ಅದೇ ಜಾಗದಲ್ಲಿ ಇನ್ಯಾರಿದಾರೆ? ಮಾತ್ರೆ ಸ್ಟ್ರಿಪ್, ಬಿಯರ್ ಕ್ಯಾನ್ ಚೂರು, ಎಣ್ಣೆ ಟೆಟ್ರಾ ಪ್ಯಾಕ್ ಒಳಗಿನ ಅಲ್ಯೂಮಿನಿಯಂ ಪದರ. ಸರ ಇನ್ನೂ ಕಷ್ಟ. ಅದೆಷ್ಟೇ ಉದ್ದ ಇದ್ರೂ ಮಿಷನ್ ಕಣ್ಣಿಗೆ ಅದು ಒಂದೊಂದೇ ಸಣ್ಣ ಕೊಂಡಿ.
ಹಾಗಾಗಿ "ಕಸ ಬೇಡ" ಅಂತ ಸೆಟ್ ಮಾಡಿದ ಕ್ಷಣದಲ್ಲೇ ಅಮ್ಮನ ಓಲೆಯನ್ನೂ ಬೇಡ ಅಂದಂಗೆ. ಚಿನ್ನ ಬೇಕಂದ್ರೆ ಕಸಾನೂ ಅಗೀಬೇಕು. ಬೇರೆ ದಾರಿ ಇಲ್ಲ.

4/7
ನಾಣ್ಯ? ಈಗಲೇ ಒಂದು ಅಯಸ್ಕಾಂತ ತಗೊಂಡು ಜೇಬಲ್ಲಿರೋ 1 ರೂಪಾಯಿ, 2 ರೂಪಾಯಿ ಸ್ಟೀಲ್ ನಾಣ್ಯಕ್ಕೆ ಹಿಡೀರಿ. ಅಂಟ್ಕೊಳ್ತಾ? ಅವು ಹೆಚ್ಚುಪಾಲು ಕಬ್ಬಿಣವೇ ಇರೋ ಸ್ಟೇನ್‌ಲೆಸ್ ಸ್ಟೀಲ್. "ಕಬ್ಬಿಣ ಆಫ್" ಅಂದ್ರೆ ಅವೂ ಆಫ್ ಆಗೋ ಚಾನ್ಸ್ ಜಾಸ್ತಿ. ಅಜ್ಜಿ ಡಬ್ಬೀಲಿರೋ ಹೂವಿನ ಅಂಚಿನ 10 ಪೈಸೆ ಅಲ್ಯೂಮಿನಿಯಂ. ಕ್ಯಾನ್ ಚೂರು ಬೇಡ ಅಂದ್ರೆ ಅದೂ ಹೋಗಬಹುದು. ಮೈಸೂರು ಅರಸರ ಕಂಠೀರವ ಫಣ ಚಿನ್ನವೇ, ಆದ್ರೆ ಅರ್ಧ ಗ್ರಾಮೂ ಇಲ್ಲ.
ಎಷ್ಟೋ ಮಿಷನ್‌ಗಳ ಮೇಲೆ ಬರೆದಿರೋ ನಾಣ್ಯದ ಹೆಸರು ಅಮೆರಿಕದವು. ಅಲ್ಲಿನ ಲೆಕ್ಕ ಕುಣಿಗಲ್ ಸಂತೆ ಮೈದಾನಕ್ಕೆ ಹೊಂದಲ್ಲ.

5/7
ಇನ್ನು ಆಳ. ಒಂದು ನಾಣ್ಯ ಗೇಣುದ್ದ ಕೆಳಗೆ ಹೋದ್ರೆ ಸಾಮಾನ್ಯ ಮಿಷನ್ ಒದ್ದಾಡುತ್ತೆ. ಹಾಗಿರುವಾಗ ನೂರಾರು ಅಡಿ ದೂರದಿಂದಲೇ "ಚಿನ್ನ ಅಲ್ಲಿದೆ" ಅಂತ ಕಡ್ಡಿ ತಿರುಗಿಸೋ "ಲಾಂಗ್ ರೇಂಜ್" ಸಾಧನ ಮಾರೋನನ್ನ ಏನಂತ ಕರೀಬೇಕು? ಕಳ್ಳ ಅಂತಲೇ. ಮೊದಲು ನಿಧಿ ತೋರ್ಸೋಕೆ ಅಂಜನ ಹಾಕ್ತಿದ್ರು, ಈಗ ಅದೇ ಅಂಜನಕ್ಕೆ ಬ್ಯಾಟರಿ ಹಾಕಿದಾರೆ. ಕಾಮರ್ಸ್ ಓದೋರು ನಾವು. ಅಷ್ಟು ಸುಲಭವಾಗಿ ಚಿನ್ನ ಸಿಗೋದಾದ್ರೆ ಅವನು ಮಿಷನ್ ಯಾಕೆ ಮಾರ್ತಿದ್ದ?

6/7
ಇದು ಬರೀ ದುಡ್ಡು ಕಳ್ಕೊಳ್ಳೋ ವಿಷಯ ಆಗಿದ್ರೆ ಸುಮ್ಮನಿರ್ತಿದ್ದೆ. 2019ರ ಜುಲೈನಲ್ಲಿ ಆನೆಗೊಂದಿಯಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿ ಆಸೆಗೆ ಒಡೆದು ಹಾಕಿದ್ರು. ಬೃಂದಾವನ ಮತ್ತೆ ಕಟ್ಟಿದ್ರು, ಸರಿ. ಊರಾಚೆ ಪಾಳು ಗುಡಿ ನಂದಿ ಒಡೆದ್ರೆ ಯಾರು ಕಟ್ತಾರೆ?
ನಮ್ಮ ಗುಬ್ಬಿ ತಾಲೂಕಿನ ಕಡಬದ ತಾಮ್ರಶಾಸನ ಗೊತ್ತಾ? ರಾಷ್ಟ್ರಕೂಟರ ಮೂರನೇ ಗೋವಿಂದ ಜೈನ ಮುನಿ ಅರ್ಕಕೀರ್ತಿಗೆ ಊರು ದಾನ ಕೊಟ್ಟಿದ್ದನ್ನ ಹೇಳುತ್ತೆ. ಮಿಷನ್‌ಗೆ ಅದೂ ಒಂದು ದೊಡ್ಡ ನಂಬರ್. ನಿಧಿ ಹುಡುಕೋನ ಕೈಗೆ ಸಿಕ್ಕಿದ್ರೆ ಗುಜರಿ ರೇಟಿಗೆ ಕರಗಿ ಹೋಗ್ತಿತ್ತು.
ಕಾನೂನೂ ಸ್ಪಷ್ಟ ಇದೆ. ನೆಲದಲ್ಲಿ ನಿಧಿ ಸಿಕ್ಕಿದ್ರೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. 1878ರಲ್ಲೇ ಬ್ರಿಟಿಷರು ಇದಕ್ಕೆ ಕಾಯ್ದೆ ತಂದಿದ್ರು, ನಮ್ಮ ರಾಜ್ಯಕ್ಕೆ 1962ರ ಕಾಯ್ದೆ ಇದೆ. 1972ರ ಕೇಂದ್ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಪರ್ಮಿಷನ್ ಇಲ್ದೆ ಅಗೆಯೋದು ಅಪರಾಧ. "ಇಂಗ್ಲೆಂಡಲ್ಲಿ ಮಾಡ್ತಾರಲ್ಲ" ಅಂತೀರಾ? ಅಲ್ಲೂ ಜಮೀನು ಮಾಲೀಕರ ಒಪ್ಪಿಗೆ ಬೇಕು, ನಿಧಿ ಸಿಕ್ಕಿದ್ರೆ ವರದಿ ಮಾಡ್ಲೇಬೇಕು. ಆ ಭಾಗನ ರೀಲ್‌ನೋರು ಕಟ್ ಮಾಡಿರ್ತಾರೆ.

7/7
ಹಾಗಾದ್ರೆ ಮಿಷನ್ ವೇಸ್ಟಾ? ಅಲ್ಲ. ರಾಗಿ ಹೊಲದಲ್ಲಿ ಕಳೆ ಕೀಳುವಾಗ ಬಿದ್ದ ತಾಳಿ ಗುಂಡು, ಅಡಿಕೆ ತೋಟದಲ್ಲಿ ಜಾರಿದ ಉಂಗುರ, ಇವಕ್ಕೆ ಇದಕ್ಕಿಂತ ಒಳ್ಳೆ ಸಾಧನ ಇಲ್ಲ. ನಿಮ್ಮದೇ ಜಾಗ, ಇಲ್ಲಾ ಮಾಲೀಕರ ಒಪ್ಪಿಗೆ ಇರೋ ಜಾಗ. ಮೊದಲು ಗ್ರೌಂಡ್ ಬ್ಯಾಲೆನ್ಸ್. ಆಮೇಲೆ ಆಲ್ ಮೆಟಲ್, ಅಂದ್ರೆ ಡಿಸ್ಕ್ರಿಮಿನೇಷನ್ ಸೊನ್ನೆ. ಅದೇ ಥರದ ಇನ್ನೊಂದು ಉಂಗುರ ನೆಲದ ಮೇಲಿಟ್ಟು ನಂಬರ್ ನೋಡ್ಕೊಳ್ಳಿ. ಕಾಯಿಲ್ ನೆಲಕ್ಕೆ ಹತ್ತಿರ ಇಟ್ಟು ನಿಧಾನಕ್ಕೆ ಆಡ್ಸಿ. ಕೂಗಿದ್ದೆಲ್ಲ ಅಗೀರಿ, ಗುಂಡಿ ಮುಚ್ಚಿ, ಸಿಕ್ಕ ಕಸ ಚೀಲಕ್ಕೆ ಹಾಕಿ. ಹಳೇ ನಾಣ್ಯ ಸಿಕ್ರೆ ಉಜ್ಜಬೇಡಿ, ಮಾರಬೇಡಿ, ತಹಶೀಲ್ದಾರ್ ಆಫೀಸಿಗೆ ತಿಳಿಸಿ.
ಯಾವುದು ನಮ್ಮದು, ಯಾವುದು ಊರಿನದು ಅಂತ ವಿಂಗಡಿಸೋ ಬಟನ್ ಯಾವ ಮಿಷನ್‌ನಲ್ಲೂ ಇಲ್ಲ. ಅದನ್ನ ನಾವೇ ಮಾಡ್ಬೇಕು.
ಆ ರೀಲ್ ಕಳಿಸಿದ ಫ್ರೆಂಡಿಗೇ ಇದನ್ನ ಕಳಿಸಿ.

#ತುಮಕೂರು #ಗುಬ್ಬಿ #ಕುಣಿಗಲ್ #ನಿಧಿಹುಚ್ಚುಬಿಡಿ