ಹನ್ನೊಂದು ಮತಗಳಲ್ಲಿ ಒಂದು ಉಕ್ರೇನಿನದು

2025ರ ಡಿಸೆಂಬರ್ 4 ಮತ್ತು 5ರಂದು ರಷ್ಯಾದ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ದೆಹಲಿಗೆ ಬಂದು ಹೋದ ಬೆನ್ನಲ್ಲೇ, ಉಕ್ರೇನ್ ಯುದ್ಧದ ಬಗ್ಗೆ ಭಾರತ ತಳೆದಿರುವ ನಿಲುವಿನ ಸಮರ್ಥಕರು ತಮ್ಮ ಹಳೆಯ ವಾದವನ್ನೇ ಮತ್ತೊಮ್ಮೆ ಮುಂದಿಟ್ಟಿದ್ದಾರೆ. 1971ರಲ್ಲಿ ಜಗತ್ತೆಲ್ಲ ಎದುರಾದಾಗ ಕೈಹಿಡಿದದ್ದು ರಷ್ಯಾ, ಆ ಋಣವನ್ನು ಮರೆಯುವುದು ಕೃತಘ್ನತೆ ಎಂಬುದು ಅದರ ಸಾರ. ಈ ವಾದದಲ್ಲಿ ಋಣದ ಮಾತು ನಿಜ. ಸಾಲ ಕೊಟ್ಟವರ ಹೆಸರು ಮಾತ್ರ ಅರ್ಧ ತಪ್ಪು. ಅಂದು ಭಾರತದ ಬೆನ್ನಿಗಿದ್ದದ್ದು 15 ಗಣರಾಜ್ಯಗಳ ಸೋವಿಯತ್ ಒಕ್ಕೂಟ, ಮತ್ತು ಜನಸಂಖ್ಯೆಯಲ್ಲಿ ಅದರ ಎರಡನೆಯ ದೊಡ್ಡ ಗಣರಾಜ್ಯ ಉಕ್ರೇನ್. ಕೃತಜ್ಞತೆಯ ತಳಪಾಯದ ಮೇಲೆಯೇ ವಿದೇಶಾಂಗ ನೀತಿಯನ್ನು ಕಟ್ಟುವುದಾದರೆ ಕೀವ್‌ಗೂ ಅದರಲ್ಲಿ ಪಾಲು ಸಲ್ಲಬೇಕು. ಸಲ್ಲಿಸುವ ಮನಸ್ಸಿಲ್ಲದಿದ್ದರೆ ಆ ತಳಪಾಯದ ಮಾತನ್ನೇ ಬಿಡಬೇಕು.

ಇದಕ್ಕೆ ಆಧಾರವಾದ ಸಂಖ್ಯೆ ವಿಶ್ವಸಂಸ್ಥೆಯ ದಾಖಲೆಯಲ್ಲಿದೆ, ಆದರೆ ಚರ್ಚೆಯಲ್ಲಿ ಯಾರೂ ಅದನ್ನು ಎತ್ತುವುದಿಲ್ಲ. ಬಾಂಗ್ಲಾ ಯುದ್ಧ ಆರಂಭವಾದ ಕೂಡಲೇ ಭದ್ರತಾ ಮಂಡಳಿಯಲ್ಲಿ ಕದನವಿರಾಮದ ನಿರ್ಣಯಗಳು ಬಂದವು. ಮಾಸ್ಕೋ ತನ್ನ ವೀಟೊವನ್ನು, ಎಂದರೆ ಕಾಯಂ ಸದಸ್ಯ ರಾಷ್ಟ್ರವೊಂದು ಏಕಾಂಗಿಯಾಗಿ ನಿರ್ಣಯವನ್ನು ಬೀಳಿಸಬಹುದಾದ ಅಧಿಕಾರವನ್ನು, ಬಳಸಿ ಅವನ್ನು ತಡೆಯಿತು. ಈ ವೀಟೊಗಳ ಕಥೆ ಎಲ್ಲರಿಗೂ ಬಾಯಿಪಾಠ. ಅನಂತರ ನಡೆದದ್ದು ಮಾತ್ರ ಯಾರ ನೆನಪಿನಲ್ಲಿಯೂ ಉಳಿದಿಲ್ಲ. ವೀಟೊ ನಡೆಯದ ಸಾಮಾನ್ಯ ಸಭೆಗೆ ವಿಷಯ ವರ್ಗವಾಯಿತು, ಮತ್ತು 1971ರ ಡಿಸೆಂಬರ್ 7ರಂದು ಕದನವಿರಾಮ ಹಾಗೂ ಸೇನಾ ವಾಪಸಾತಿಯನ್ನು ಕೋರುವ 2793ನೇ ಸಂಖ್ಯೆಯ ನಿರ್ಣಯ ಮತಕ್ಕೆ ಬಂದಾಗ ಪರವಾಗಿ 104 ರಾಷ್ಟ್ರಗಳು, ವಿರುದ್ಧವಾಗಿ 11 ರಾಷ್ಟ್ರಗಳು ನಿಂತವು, 10 ರಾಷ್ಟ್ರಗಳು ಮತ ಹಾಕದೆ ಉಳಿದವು. ಆ ಹನ್ನೊಂದರಲ್ಲಿ ಭಾರತ, ಭೂತಾನ, ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೇರಿ, ಚೆಕೊಸ್ಲೊವಾಕಿಯಾ, ಬಲ್ಗೇರಿಯಾ, ಮಂಗೋಲಿಯಾ, ಕ್ಯೂಬಾ ಇದ್ದವು. ಉಳಿದ ಎರಡು ಮತಗಳು ಬೆಲೊರಷ್ಯಾ ಮತ್ತು ಉಕ್ರೇನಿನವು. ಒಕ್ಕೂಟದ ಅಂಗವಾಗಿದ್ದರೂ ಈ ಎರಡು ಗಣರಾಜ್ಯಗಳಿಗೆ 1945ರಿಂದಲೇ ವಿಶ್ವಸಂಸ್ಥೆಯಲ್ಲಿ ಪ್ರತ್ಯೇಕ ಸ್ಥಾನವಿತ್ತು. ರಷ್ಯಾ ಗಣರಾಜ್ಯದ ಹೆಸರಿನಲ್ಲಿ ಅಂಥ ಪ್ರತ್ಯೇಕ ಸ್ಥಾನವಿರಲಿಲ್ಲ.

ಆ ಮತವನ್ನು ಹಾಕಿದ್ದು ಕೀವ್‌ನ ಕೈ, ಹಾಕಿಸಿದ್ದು ಮಾಸ್ಕೋದ ಆದೇಶ ಎಂಬ ಆಕ್ಷೇಪ ಬರುತ್ತದೆ, ಮತ್ತು ಅದು ಸರಿಯಾದ ಆಕ್ಷೇಪವೇ. ಉಕ್ರೇನಿಗೆ ಆಗ ಸ್ವಂತ ವಿದೇಶಾಂಗ ನೀತಿ ಇರಲಿಲ್ಲ. ಆದರೆ ಅದೇ ತರ್ಕವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರೆ, ಆದೇಶ ಕೊಟ್ಟ ಮಾಸ್ಕೋ ಕೂಡ ಇಂದಿನ ರಷ್ಯಾ ಒಕ್ಕೂಟದ ರಾಜಧಾನಿಯಾಗಿ ಅದನ್ನು ಕೊಡಲಿಲ್ಲ. ಅಂದು ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲಿಯೊನಿದ್ ಬ್ರೆಜ್ನೆವ್ ಹುಟ್ಟಿದ್ದೂ ಉಕ್ರೇನಿನ ನೆಲದಲ್ಲಿ. ಕಾನೂನಿನ ಉತ್ತರಾಧಿಕಾರದ ಪ್ರಶ್ನೆ ಬೇರೆ. 1991ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯ ಸ್ಥಾನ ರಷ್ಯಾಕ್ಕೆ ಹೋಯಿತು, ಭಾರತ ಒಕ್ಕೂಟಕ್ಕೆ ಕೊಡಬೇಕಿದ್ದ ರೂಪಾಯಿ ಸಾಲದ ಹಕ್ಕೂ 1993ರ ಒಪ್ಪಂದದ ಮೂಲಕ ರಷ್ಯಾಕ್ಕೇ ಸಂದಿತು, ಆ ಸಾಲವನ್ನು ಭಾರತ ಬಹುಪಾಲು ಸರಕುಗಳ ರೂಪದಲ್ಲಿ ತೀರಿಸುತ್ತ ಬಂದಿತು. ಅದರಲ್ಲಿ ಕರ್ನಾಟಕದ ಕಾಫಿಯೂ ಸೇರಿತ್ತು. ಪುಸ್ತಕದ ಸಾಲಕ್ಕೆ ಹೀಗೆ ಬೇರೆಯೇ ಲೆಕ್ಕವಿರುವಾಗ, ಉಳಿಯುವುದು ನೈತಿಕ ಋಣ ಮಾತ್ರ. ನೈತಿಕ ಋಣವನ್ನು ಒಬ್ಬನೇ ವಾರಸುದಾರನ ಹೆಸರಿಗೆ ಬರೆದುಕೊಡುವ ಕಾನೂನು ಯಾವುದೂ ಇಲ್ಲ.

ಇದೆಲ್ಲ ಹಳೆಯ ಕಡತದ ಮಾತು ಎನ್ನುವವರಿಗೆ ಜವಾಬು ಉತ್ತರ ಬೆಂಗಳೂರಿನಲ್ಲಿಯೇ ಇದೆ. ಬಳ್ಳಾರಿ ರಸ್ತೆಯಲ್ಲಿ ಚಿಕ್ಕಜಾಲದ ಹಳೆಯ ಕಲ್ಲುಕೋಟೆಯನ್ನು ದಾಟಿ ನಗರದ ಕಡೆಗೆ ಬಂದರೆ ಸಿಗುವ ಯಲಹಂಕ ವಾಯುನೆಲೆಯಲ್ಲಿ ವಾಯುಪಡೆಯ ಸಾಗಣೆ ವಿಮಾನಗಳ ಪೈಲಟ್‌ಗಳು ತರಬೇತಿ ಪಡೆದಿರುವ ವಿಮಾನಗಳಲ್ಲಿ ಎಎನ್-32 ಮುಖ್ಯವಾದುದು. ರೆಕ್ಕೆಯ ಮೇಲ್ಭಾಗಕ್ಕೆ ಎತ್ತರಿಸಿ ಕೂರಿಸಿದ ಎರಡು ಎಂಜಿನ್‌ಗಳು, ಅವುಗಳ ಮುಂದೆ ನೆಲಕ್ಕೆ ತಾಗದಷ್ಟು ಮೇಲೆ ತಿರುಗುವ ಭಾರಿ ಪ್ರೊಪೆಲ್ಲರ್‌ಗಳು ಇರುವುದರಿಂದ, ಕೆಳಗೆ ನಿಂತವರಿಗೂ ಇದರ ಗುರುತು ತಪ್ಪುವುದಿಲ್ಲ. ಬಿಸಿ ಹವೆಯಲ್ಲೂ ಲಡಾಖಿನಂಥ ಎತ್ತರದ ನೆಲೆಗಳಲ್ಲೂ ಹಾರಬಲ್ಲ ವಿಮಾನ ಭಾರತಕ್ಕೆ ಬೇಕಾಗಿದ್ದರಿಂದಲೇ, ಹಿಂದಿನ ಎಎನ್-26ರ ಒಡಲಿಗೆ ಹೆಚ್ಚು ಶಕ್ತಿಯ ಎಂಜಿನ್ ಜೋಡಿಸಿ ಇದನ್ನು ರೂಪಿಸಲಾಯಿತು. ರೂಪಿಸಿದ ಆಂಟೊನೊವ್ ಸಂಸ್ಥೆ ಕೀವ್‌ನದು, ಕಟ್ಟಿದ ಕಾರ್ಖಾನೆಯೂ ಕೀವ್‌ನದು, ಎಂಜಿನ್‌ನ ಮೂಲ ಝಪೊರಿಝಿಯಾ ನಗರದ್ದು. 1984ರಿಂದ ಭಾರತದ ಸೇವೆಯಲ್ಲಿರುವ ಈ ವಿಮಾನವನ್ನು ಸಾಮಾನ್ಯ ಮಾತಿನಲ್ಲಿ ‘ರಷ್ಯಾದ ವಿಮಾನ’ ಎನ್ನುವ ರೂಢಿ ಬೆಂಗಳೂರಿನಲ್ಲೂ ಇದೆ. 2009ರಲ್ಲಿ ಸುಮಾರು 100 ವಿಮಾನಗಳ ನವೀಕರಣಕ್ಕೆ ಭಾರತ ಒಪ್ಪಂದ ಮಾಡಿಕೊಂಡದ್ದು ಉಕ್ರೇನಿನ ಜೊತೆ; 40 ವಿಮಾನಗಳು ಅಲ್ಲಿಗೇ ಹೋಗಿ ನವೀಕರಣಗೊಂಡು ಬಂದವು, ಉಳಿದವುಗಳ ಕೆಲಸ ಕಾನ್ಪುರದಲ್ಲಿ ನಡೆಯಬೇಕಿತ್ತು, ಮತ್ತು 2014ರಲ್ಲಿ ಕ್ರಿಮಿಯಾವನ್ನು ರಷ್ಯಾ ವಶಪಡಿಸಿಕೊಂಡ ನಂತರ ಬಿಡಿಭಾಗಗಳ ಸರಬರಾಜು ಕೈಕೊಟ್ಟು ಆ ಕೆಲಸ ಕುಂಟಿತು. ದೂರದ ಯುದ್ಧ ನಮಗೆ ಸಂಬಂಧಿಸಿದ್ದಲ್ಲ ಎನ್ನುವವರು ಈ ಕುಂಟುವಿಕೆಯ ಲೆಕ್ಕವನ್ನು ಎಲ್ಲಿ ಬರೆಯುತ್ತಾರೋ ತಿಳಿಯದು.

ಕಾರವಾರದ ಉದಾಹರಣೆ ಇನ್ನೂ ತೀಕ್ಷ್ಣವಾದುದು. ರಷ್ಯಾದ ಕಲಿನಿನ್‌ಗ್ರಾದ್‌ನಲ್ಲಿ ಕಟ್ಟಲಾದ ಐಎನ್‌ಎಸ್ ತುಶಿಲ್ ಎಂಬ ಯುದ್ಧನೌಕೆ 2024ರ ಡಿಸೆಂಬರ್ 9ರಂದು ನೌಕಾಪಡೆಗೆ ಸೇರಿ, 2025ರ ಫೆಬ್ರುವರಿಯಲ್ಲಿ ತನ್ನ ನೆಲೆಯಾದ ಕಾರವಾರಕ್ಕೆ ಬಂದಿತು. ಅದನ್ನು ನಡೆಸುವುದು ಗ್ಯಾಸ್ ಟರ್ಬೈನ್‌ಗಳು, ಎಂದರೆ ಇಂಧನ ಉರಿದು ಹೊಮ್ಮುವ ಬಿಸಿ ಅನಿಲದ ಒತ್ತಡದಿಂದ ತಿರುಗುವ ಯಂತ್ರಗಳು. ಅವುಗಳನ್ನು ತಯಾರಿಸಿದ್ದು ಉಕ್ರೇನಿನ ಮೈಕೊಲೈವ್ ನಗರದ ಜೋರ್ಯಾ-ಮಾಶ್‌ಪ್ರೊಯೆಕ್ಟ್ ಕಾರ್ಖಾನೆ. 2014ರ ನಂತರ ರಷ್ಯಾಕ್ಕೆ ಸೇನಾ ಸಾಮಗ್ರಿ ಮಾರುವುದನ್ನು ಉಕ್ರೇನ್ ನಿಲ್ಲಿಸಿದ್ದರಿಂದ, ಭಾರತವೇ ಉಕ್ರೇನಿನಿಂದ ಟರ್ಬೈನ್‌ಗಳನ್ನು ಖರೀದಿಸಿ ರಷ್ಯಾದ ಹಡಗುಕಟ್ಟೆಗೆ ಒಪ್ಪಿಸಿತು. ಪರಸ್ಪರ ಯುದ್ಧದಲ್ಲಿರುವ ಎರಡು ದೇಶಗಳ ಕೆಲಸ ಭಾರತದ ಧ್ವಜದಡಿ ಒಂದೇ ಹಡಗಿನಲ್ಲಿ ಸೇರಿದ್ದು ಹೀಗೆ. ಇದೇ ಕಾರ್ಖಾನೆಯ ಟರ್ಬೈನ್‌ಗಳು ಕೋಲ್ಕತ್ತ ಮತ್ತು ವಿಶಾಖಪಟ್ಟಣ ದರ್ಜೆಯ ವಿಧ್ವಂಸಕ ನೌಕೆಗಳಲ್ಲಿಯೂ ಇವೆ.

ಎದುರು ಪಾಳಯದವರ ಮರೆವೂ ಇಷ್ಟೇ ದೊಡ್ಡದು. ಉಕ್ರೇನಿನ ಪರ ಭಾರತ ಮತ ಹಾಕಲೇಬೇಕಿತ್ತು ಎನ್ನುವವರು, ಸ್ವತಂತ್ರ ಉಕ್ರೇನ್ 1990ರ ದಶಕದ ಉತ್ತರಾರ್ಧದಲ್ಲಿ ಪಾಕಿಸ್ತಾನಕ್ಕೆ 320 ಟಿ-80ಯುಡಿ ಟ್ಯಾಂಕ್‌ಗಳನ್ನು ಮಾರಿದ್ದನ್ನು ಎತ್ತುವುದೇ ಇಲ್ಲ. ಆ ಮಾರಾಟಕ್ಕೆ ಯಾವ ಮಾಸ್ಕೋದ ಆದೇಶವೂ ಇರಲಿಲ್ಲ. ಆ ಟ್ಯಾಂಕ್‌ಗಳು ತಯಾರಾದದ್ದು ಖಾರ್ಕಿವ್‌ನಲ್ಲಿ. ಅದೇ ಖಾರ್ಕಿವ್‌ನಲ್ಲಿ 2022ರ ಮಾರ್ಚ್ 1ರಂದು, ದಿನಸಿಗಾಗಿ ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ರಷ್ಯಾದ ದಾಳಿಗೆ ಬಲಿಯಾದರು. ಮರುದಿನವೇ ಸಾಮಾನ್ಯ ಸಭೆಯಲ್ಲಿ ರಷ್ಯಾವನ್ನು ಖಂಡಿಸುವ ನಿರ್ಣಯಕ್ಕೆ 141 ರಾಷ್ಟ್ರಗಳು ಪರವಾಗಿಯೂ 5 ರಾಷ್ಟ್ರಗಳು ವಿರುದ್ಧವಾಗಿಯೂ ಮತ ಹಾಕಿದವು. ಮತ ಹಾಕದೆ ಉಳಿದ 35 ರಾಷ್ಟ್ರಗಳಲ್ಲಿ ಭಾರತವೂ ಒಂದು. ಮಾರ್ಚ್ 21ರಂದು ಪಾರ್ಥಿವ ಶರೀರ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿತು, ಕುಟುಂಬದವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಆ ದಿನಗಳಲ್ಲಿ ಇಲ್ಲಿನ ಚರ್ಚೆ ಬಹುಬೇಗ ಸೀಟು, ಶುಲ್ಕ, ನೀಟ್ ಪರೀಕ್ಷೆಯ ಕಡೆಗೆ ಹೊರಳಿತು. ಆ ಚರ್ಚೆ ಅಗತ್ಯವಾಗಿತ್ತು, ಆದರೆ ಶೆಲ್ ಹಾರಿಸಿದವರು ಯಾರು ಎಂಬ ಪ್ರಶ್ನೆ ಅದರಡಿಯಲ್ಲಿ ಹೂತುಹೋಯಿತು.

ಹಾಗಾದರೆ ಮತ ಹಾಕದೆ ಉಳಿದದ್ದು ತಪ್ಪೇ? ಅಲ್ಲ. ತೈಲ, ರಸಗೊಬ್ಬರ, ಎಸ್-400 ಕ್ಷಿಪಣಿ ವ್ಯವಸ್ಥೆ, ಚೀನಾದ ಗಡಿ, ಇವೆಲ್ಲವನ್ನೂ ತೂಗಿ ನೋಡಿದ ಸರ್ಕಾರ ಆ ನಿರ್ಧಾರಕ್ಕೆ ಬಂದುದರಲ್ಲಿ ಅರ್ಥವಿದೆ, ಮತ್ತು 2025ರ ಆಗಸ್ಟ್ 27ರಿಂದ ರಷ್ಯಾದ ತೈಲದ ನೆಪದಲ್ಲಿ ಅಮೆರಿಕ ಶೇ 25ರಷ್ಟು ಹೆಚ್ಚುವರಿ ಸುಂಕ ಹೇರಿದಾಗ ಅದರ ಬೆಲೆಯೂ ಗೊತ್ತಾಯಿತು. ಅದು ಹಿತಾಸಕ್ತಿಯ ನಿರ್ಧಾರ, ಹಿತಾಸಕ್ತಿಯ ಭಾಷೆಯಲ್ಲಿಯೇ ಸಮರ್ಥನೆಯಾಗಬೇಕು. ಅದಕ್ಕೆ 1971ರ ಋಣದ ಶಾಲು ಹೊದಿಸುವುದರಿಂದ ಆಗುವ ನಷ್ಟ ಭಾವನಾತ್ಮಕವಾದುದಷ್ಟೇ ಅಲ್ಲ. ಯುದ್ಧ ಮುಗಿದ ದಿನ ಬಿಡಿಭಾಗಕ್ಕಾಗಿ, ಎಂಜಿನ್‌ಗಾಗಿ ಭಾರತ ಕೀವ್‌ನ ಬಾಗಿಲನ್ನೂ ತಟ್ಟಬೇಕಾಗುತ್ತದೆ. ಗೋವಾ ಶಿಪ್‌ಯಾರ್ಡ್‌ನಲ್ಲಿ 2024 ಮತ್ತು 2025ರಲ್ಲಿ ನೀರಿಗಿಳಿದ ತ್ರಿಪುಟ್ ಮತ್ತು ತವಸ್ಯ ತುಶಿಲ್‌ನ ವಿನ್ಯಾಸವನ್ನೇ ಹೊತ್ತ ನೌಕೆಗಳು, ಮತ್ತು ಅವುಗಳ ಟರ್ಬೈನ್‌ಗಳೂ ಮೈಕೊಲೈವ್‌ನವೇ.